ಪ್ರೀಮಿಯಂ ಆರ್‌ಪಿಜಿ ಪುಸ್ತಕ: ಬೆಲೆ ಎಷ್ಟು ಇಡಬೇಕು, ಯಾವ ಅಂಗಡಿಗೆ ಎಷ್ಟು ಪ್ರತಿ ಕೊಡಬೇಕು

ಸ್ವಂತ ಟೇಬಲ್‌ಟಾಪ್ ಆರ್‌ಪಿಜಿ (ಮೇಜಿನ ಸುತ್ತ ಕೂತು ಪಾತ್ರಗಳಾಗಿ ಆಡುವ ಕಥೆಯಾಟ) ಪುಸ್ತಕ ಮಾಡಿದವರು ಮಂಗಳೂರಲ್ಲಿ ಸಿಕ್ಕರೂ ಮಣಿಪಾಲದಲ್ಲಿ ಸಿಕ್ಕರೂ ಕೇಳುವ ಪ್ರಶ್ನೆ ಒಂದೇ. "ಪುಸ್ತಕ ಚೆನ್ನಾಗಿ ಬಂದಿದೆ, ನೋಡಿದವರೆಲ್ಲ ಹೊಗಳುತ್ತಾರೆ, ಆದರೂ ಹಾಕಿದ ಹಣ ಯಾಕೆ ವಾಪಸ್ ಬರ್ತಾ ಇಲ್ಲ?" ಉತ್ತರವೂ ಹೆಚ್ಚಾಗಿ ಒಂದೇ. ಪ್ರೆಸ್ಸಿನ ಬಿಲ್ಲನ್ನು ಪ್ರತಿಗಳ ಸಂಖ್ಯೆಯಿಂದ ಭಾಗಿಸಿ, ಮೇಲೆ ಒಂದಿಷ್ಟು ಲಾಭ ಸೇರಿಸಿ, ಬೆಲೆ ಅಚ್ಚು ಹಾಕಿಸಿಬಿಟ್ಟಿರುತ್ತಾರೆ. ಅಂಗಡಿಗೆ ಹೋಗುವುದು ಆಮೇಲೆ. ಅಂಗಡಿಯವರು ಕೇಳುವ ಕಮಿಷನ್ ಕೊಟ್ಟರೆ ಕೈಯಿಂದ ಹೋಗುತ್ತದೆ. ಕೊಡದಿದ್ದರೆ ಪುಸ್ತಕದ ಪೆಟ್ಟಿಗೆಗಳು ಮನೆಯ ಮಂಚದಡಿಯಲ್ಲೇ ಉಳಿಯುತ್ತವೆ.

ಕೆಲಸದ ಕ್ರಮ ತಿರುಗುಮುರುಗಾಗಬೇಕು. ಅಂಗಡಿ ಮೊದಲು, ಪ್ರತಿಗಳ ಸಂಖ್ಯೆ ಎರಡನೆಯದು, ಬೆಲೆ ಮೂರನೆಯದು, ಪ್ರೆಸ್ಸಿಗೆ ಆರ್ಡರ್ ಕೊನೆಗೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿದರೂ ಮುಂದಿನ ಲೆಕ್ಕ ತಪ್ಪುತ್ತದೆ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಒಂದು ಎಕ್ಸೆಲ್ ಹಾಳೆ. 5 ಕಿಲೋವರೆಗೆ ತೂಗುವ ಡಿಜಿಟಲ್ ತಕ್ಕಡಿ. ಬಿಲ್ ಬುಕ್, ಡೆಲಿವರಿ ಚಲನ್ ಬುಕ್. ಗಾಳಿಯ ತೇವಾಂಶ ತೋರಿಸುವ ಸಣ್ಣ ಮೀಟರ್. ಕರಾವಳಿಯಲ್ಲಿ ಪುಸ್ತಕ ದಾಸ್ತಾನು ಇಡುವವರಿಗೆ ಇದು ಬೇಕೇ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಡಮ್ಮಿ ಪ್ರತಿ. ಅಂದರೆ ನಿಮ್ಮ ಪುಸ್ತಕದ ಅಳತೆ, ಕಾಗದ, ರಟ್ಟು ಎಲ್ಲ ಅದೇ ಇದ್ದು, ಒಳಗೆ ಮೊದಲ ಮೂವತ್ತು ನಲವತ್ತು ಪುಟ ಮಾತ್ರ ಮುದ್ರಿಸಿ ಉಳಿದದ್ದು ಖಾಲಿ ಇರುವ ಪ್ರತಿ. ಇದಕ್ಕೆ ಖರ್ಚು ಮಾಡಲು ಹಿಂದೆ ಮುಂದೆ ನೋಡಬೇಡಿ. ಪಿಡಿಎಫ್ ತೋರಿಸಿ ಯಾವ ಅಂಗಡಿಯವರನ್ನೂ ಒಪ್ಪಿಸಲಾಗುವುದಿಲ್ಲ.

ಹಂತ 1: ಯಾವುದು ಪ್ರೀಮಿಯಂ, ಯಾವುದು ಸಾಮಾನ್ಯ ಅಂತ ಬರೆದಿಡಿ

ಪ್ರೀಮಿಯಂ ಪ್ರತಿಯಲ್ಲಿ ಏನೆಲ್ಲ ಇರುತ್ತದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಹೊಲಿಗೆ ಬೈಂಡಿಂಗ್, ಫಾಯಿಲ್ ಅಚ್ಚಿನ ರಟ್ಟು, ರಿಬ್ಬನ್, ಮಡಚಿದ ನಕಾಶೆ, ಹೊರಪೆಟ್ಟಿಗೆ, ಪ್ರತಿ ಸಂಖ್ಯೆ (ಮುದ್ರಿಸಿದ್ದರಲ್ಲಿ ಇದು ಎಷ್ಟನೆಯ ಪ್ರತಿ ಅನ್ನುವುದು), ಹೀಗೆ. ಪಕ್ಕದಲ್ಲೇ ಸಾಮಾನ್ಯ ಆವೃತ್ತಿಯಲ್ಲಿ ಇವುಗಳಲ್ಲಿ ಯಾವುದು ಇರುವುದಿಲ್ಲ ಅಂತಲೂ ಬರೆಯಿರಿ.

ಆಟದ ನಿಯಮ ಎರಡರಲ್ಲೂ ಒಂದೇ ಇರಲಿ. ಒಂದು ಅಧ್ಯಾಯವನ್ನೋ ಆಟಗಾರರು ಆಯ್ದುಕೊಳ್ಳುವ ಒಂದು ಬಗೆಯ ಪಾತ್ರವನ್ನೋ ಪ್ರೀಮಿಯಂ ಪ್ರತಿಗೆ ಮಾತ್ರ ಹಾಕಿದರೆ ಒಂದೇ ಮೇಜಿನ ಸುತ್ತ ಕೂತ ಐದು ಜನರ ಕೈಯಲ್ಲಿ ಎರಡು ಬೇರೆ ಆಟ ಇದ್ದ ಹಾಗಾಗುತ್ತದೆ. ಆಟಗಾರರು ಇದನ್ನು ಕ್ಷಮಿಸುವುದಿಲ್ಲ. ಬೇರೆ ಆಗಬೇಕಾದದ್ದು ಮೈ, ಒಳಗಿನದ್ದಲ್ಲ. ಅಮೆರಿಕದ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ 2016ರಲ್ಲಿ ತನ್ನ ಹೆಸರಾಂತ ಆರ್‌ಪಿಜಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 'ವೋಲೋಸ್ ಗೈಡ್ ಟು ಮಾನ್‌ಸ್ಟರ್ಸ್' ಪುಸ್ತಕಕ್ಕೆ ಬೇರೆ ಮುಖಪುಟದ ಪ್ರತಿಗಳನ್ನು ಮಾಡಿ ಆಟದ ಅಂಗಡಿಗಳಿಗೆ ಮಾತ್ರ ಕೊಟ್ಟಿತು. ಒಳಗಿನ ಹೂರಣ ಅದೇ. ಆನ್‌ಲೈನಿನಲ್ಲಿ ಸಿಗದ ಒಂದು ವಸ್ತು ಅಂಗಡಿಯವರ ಕೈಗೆ ಬಂತು. ಆಯ್ದ ಅಂಗಡಿಗಳಿಗೆ ಕೊಡುವುದರ ಅರ್ಥವೇ ಇದು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ತುಳುನಾಡಿನ ಕಥೆ ಇಟ್ಟುಕೊಂಡು ಆಟ ಕಟ್ಟುವವರು ದೈವಗಳ ಹೆಸರು, ಮುಖವರ್ಣಿಕೆ, ಅಣಿಗಳನ್ನು (ಬೆನ್ನಿಗೆ ಕಟ್ಟುವ ಅಲಂಕಾರ) ರಾಕ್ಷಸರ ಪಟ್ಟಿಗೋ ಮುಖಪುಟಕ್ಕೋ ತರಬೇಡಿ. ಇಲ್ಲಿ ಜನ ನಂಬಿ ಕೈಮುಗಿಯುವ ಶಕ್ತಿಗಳು ಅವು. ಅವುಗಳಿಗೆ ಹಿಟ್ ಪಾಯಿಂಟ್ (ಎಷ್ಟು ಪೆಟ್ಟಿಗೆ ಸಾಯುತ್ತದೆ ಅನ್ನುವ ಅಂಕ) ಬರೆದ ಪುಸ್ತಕವನ್ನು ಯಾವ ಅಂಗಡಿಯೂ ಇಡುವುದಿಲ್ಲ, ಇಡಲೂಬಾರದು.

ಹಂತ 2: ಡಮ್ಮಿ ಹಿಡಿದು ಅಂಗಡಿಗೆ ಹೋಗಿ

ಮಂಗಳೂರಿನಲ್ಲಿ ಹಂಪನಕಟ್ಟೆ, ಬಲ್ಮಠ, ಕೊಡಿಯಾಲಬೈಲು. ಉಡುಪಿಯಲ್ಲಿ ರಥಬೀದಿಯ ಸುತ್ತಮುತ್ತ. ಮಣಿಪಾಲದಲ್ಲಿ ಟೈಗರ್ ಸರ್ಕಲ್ ಕಡೆ. ಪುಸ್ತಕದಂಗಡಿ ಮಾತ್ರ ಅಲ್ಲ, ಬೋರ್ಡ್ ಗೇಮ್ ಇಟ್ಟಿರುವ ಕೆಫೆ, ಕಾಲೇಜಿನ ಹತ್ತಿರದ ಸ್ಟೇಷನರಿ ಅಂಗಡಿ, ಚಿತ್ರಕಲಾ ಸಾಮಗ್ರಿ ಮಾರುವವರು, ಎಲ್ಲರನ್ನೂ ಪಟ್ಟಿಗೆ ಸೇರಿಸಿ. ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರ ನಡುವೆ ಹೋದರೆ ಮಾತಾಡಲು ಪುರುಸೊತ್ತು ಇರುತ್ತದೆ.

ಮೊದಲ ಪ್ರಶ್ನೆ ಹೀಗೇ ಬರುತ್ತದೆ: "ಇದು ಎಂತ ಪುಸ್ತಕ ಮಾರಾಯ್ರೇ, ಕಥೆಯಾ, ಆಟವಾ?" ಇದಕ್ಕೆ ಒಂದೇ ಉಸಿರಿನಲ್ಲಿ ಹೇಳುವ ಉತ್ತರ ಬಾಯಿಪಾಠ ಇರಲಿ. "ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬರು ಕಥೆ ನಡೆಸಿ, ಉಳಿದವರು ಪಾತ್ರಗಳಾಗಿ ಡೈಸ್ ಹಾಕಿ ಆಡುವ ಆಟ. ಈ ಪುಸ್ತಕದಲ್ಲಿ ಅದರ ನಿಯಮ, ಲೋಕ ಎರಡೂ ಇದೆ." ಇಷ್ಟು ಸಾಕು. ಅಂಗಡಿಯವರು ಗಿರಾಕಿಗೆ ಹೇಳುವುದೂ ಇದನ್ನೇ.

ಆಮೇಲೆ ನೀವು ಮೂರು ವಿಷಯ ಕೇಳಿ ಬರೆದುಕೊಳ್ಳಿ. ಎಷ್ಟು ಪರ್ಸೆಂಟ್ ಕಮಿಷನ್? ನಗದು ಕೊಟ್ಟು ಕೊಳ್ಳುತ್ತಾರಾ, ಇಲ್ಲ ಮಾರಿದ ಮೇಲೆ ಹಣ ಕೊಡುತ್ತಾರಾ? ಪುಸ್ತಕ ಎಲ್ಲಿ ಇಡುತ್ತಾರೆ? ಕೊನೆಯದನ್ನು ಕೇಳುವವರು ಕಡಿಮೆ, ಆದರೆ ಅದೇ ಮುಖ್ಯ. ಅವರು ತೋರಿಸಿದ ಕಪಾಟಿನ ಹಿಂದಿನ ಗೋಡೆಗೆ ಅಂಗೈ ಇಟ್ಟು ನೋಡಿ. ಗೋಡೆ ತಣ್ಣಗೆ ಒದ್ದೆಯಾಗಿದ್ದರೆ, ಸುಣ್ಣ ಉಬ್ಬಿ ಪುಡಿ ಉದುರುತ್ತಿದ್ದರೆ, ಅಲ್ಲಿ ಇಟ್ಟ ರಟ್ಟು ಒಂದು ಮಳೆಗಾಲ ತಾಳುವುದಿಲ್ಲ. ಬೇರೆ ಕಪಾಟು ಕೇಳಿ, ಇಲ್ಲದಿದ್ದರೆ ಬೇರೆ ಅಂಗಡಿ ನೋಡಿ.

ಎಚ್ಚರಿಕೆಯ ಲಕ್ಷಣ: "ಎಷ್ಟು ಬೇಕಾದರೂ ತಂದಿಡಿ, ಮಾರಿದ ಮೇಲೆ ನೋಡೋಣ" ಅನ್ನುವ ಅಂಗಡಿ. ಅವರಿಗೆ ಕಳೆದುಕೊಳ್ಳುವುದು ಏನೂ ಇಲ್ಲ, ಹಾಗಾಗಿ ಮಾರುವ ಅವಸರವೂ ಇಲ್ಲ. "ಐದು ಕೊಡಿ, ಹಣ ಈಗಲೇ ತೆಗೊಳ್ಳಿ" ಅನ್ನುವ ಸಣ್ಣ ಅಂಗಡಿ ಅದಕ್ಕಿಂತ ಎಷ್ಟೋ ಮೇಲು.

ಹಂತ 3: ಪ್ರೆಸ್ಸಿನಿಂದ ಪೂರ್ತಿ ಕೊಟೇಶನ್ ತೆಗೆಸಿ

ಮಣಿಪಾಲ ಮುದ್ರಣಕ್ಕೆ ಹೆಸರಾದ ಊರು. ಮಂಗಳೂರಿನಲ್ಲೂ ಒಳ್ಳೆಯ ಪ್ರೆಸ್‌ಗಳಿವೆ. ಹತ್ತಿರದಲ್ಲೇ ಮಾಡಿಸಿದರೆ ಮೆಷಿನ್ ಪ್ರೂಫನ್ನು (ಮೆಷಿನ್ನಿನಿಂದ ಮೊದಲು ಬರುವ ಮಾದರಿ ಹಾಳೆ) ನಿಂತು ನೋಡಬಹುದು. ಬಣ್ಣದ ಪುಸ್ತಕಕ್ಕೆ ಇದು ದೊಡ್ಡ ಅನುಕೂಲ. ಕನಿಷ್ಠ ಮೂರು ಕಡೆ ಕೇಳಿ. ಒಂದೇ ವಿವರ ಬರೆದುಕೊಡಿ, ಇಲ್ಲದಿದ್ದರೆ ಮೂರು ಬೇರೆ ಪುಸ್ತಕಕ್ಕೆ ಮೂರು ಬೇರೆ ಬೆಲೆ ಬರುತ್ತದೆ.

ಪುಟಗಳು 16ರ ಗುಣಕದಲ್ಲಿ ಇರಲಿ. 16 ಪುಟಕ್ಕೆ ಒಂದು ಫಾರಂ ಅಂತ ಲೆಕ್ಕ. 240 ಪುಟ ಅಂದರೆ 15 ಫಾರಂ. ಪುಟ 242 ಆದರೆ ಎರಡೇ ಪುಟಕ್ಕಾಗಿ ಇನ್ನೊಂದು ಫಾರಮ್ಮಿನ ಖರ್ಚು ಬೀಳಬಹುದು. ಆ ಎರಡು ಪುಟವನ್ನು ಲೇಔಟ್‌ನಲ್ಲೇ ಉಳಿಸಿ.

ಕೊಟೇಶನ್ನಿನಲ್ಲಿ ಇವೆಲ್ಲ ಬೇರೆ ಬೇರೆ ಸಾಲಿನಲ್ಲಿ ಇರಬೇಕು: ಕಾಗದ ಮತ್ತು ಮುದ್ರಣ, ಹೊಲಿಗೆ, ರಟ್ಟು, ಫಾಯಿಲ್ ಬ್ಲಾಕ್, ಹೊರಪೆಟ್ಟಿಗೆ, ಶ್ರಿಂಕ್ ವ್ರ್ಯಾಪ್ (ಬಿಗಿ ಪ್ಲಾಸ್ಟಿಕ್ ಹೊದಿಕೆ), ಸಾಗಣೆ, ಜಿಎಸ್‌ಟಿ. ಮುದ್ರಿತ ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. ಹಾಗಾಗಿ ಪ್ರೆಸ್ಸಿಗೆ ನೀವು ಕಟ್ಟಿದ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಪಡೆಯಲು ಆಗುವುದಿಲ್ಲ. ಅದು ನಿಮ್ಮ ಖರ್ಚೇ. "ಪ್ಲಸ್ ಟ್ಯಾಕ್ಸ್" ಅಂತ ಕೊನೆಯಲ್ಲಿ ಸಣ್ಣದಾಗಿ ಬರೆದದ್ದನ್ನು ಮರೆತು ಬೆಲೆ ಇಟ್ಟವರು ಬಹಳ ಜನ.

ಹಂತ 4: ಮಾರಲು ಸಿಗದ ಪ್ರತಿಗಳನ್ನು ಕಳೆಯಿರಿ

500 ಪ್ರತಿ ಮುದ್ರಿಸಿದರೆ ಮಾರಲು 500 ಸಿಗುವುದಿಲ್ಲ. ಯಾರಿಗೆಲ್ಲ ಉಚಿತವಾಗಿ ಹೋಗುತ್ತದೆ ಅಂತ ಈಗಲೇ ಪಟ್ಟಿ ಮಾಡಿ.

1954ರ ಪುಸ್ತಕ ಮತ್ತು ಪತ್ರಿಕೆಗಳ ಸಲ್ಲಿಕೆ (ಸಾರ್ವಜನಿಕ ಗ್ರಂಥಾಲಯಗಳು) ಕಾಯ್ದೆಯ ಪ್ರಕಾರ, ಪುಸ್ತಕ ಹೊರಬಂದ 30 ದಿನದೊಳಗೆ ಪ್ರಕಾಶಕರು ಸ್ವಂತ ಖರ್ಚಿನಲ್ಲಿ ನಾಲ್ಕು ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು: ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರ, ಮುಂಬೈಯ ಟೌನ್ ಹಾಲ್‌ನಲ್ಲಿರುವ ಕೇಂದ್ರ ಗ್ರಂಥಾಲಯ, ದೆಹಲಿ ಪಬ್ಲಿಕ್ ಲೈಬ್ರರಿ. ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗುವುದು ನಕಾಶೆ, ಚಿತ್ರ ಎಲ್ಲ ಸಮೇತ ನಿಮ್ಮ ಅತ್ಯುತ್ತಮ ಪ್ರತಿಯೇ ಆಗಿರಬೇಕು ಅಂತ ಕಾಯ್ದೆ ಹೇಳುತ್ತದೆ. ಉಳಿದ ಮೂರಕ್ಕೆ ಹೆಚ್ಚು ಸಂಖ್ಯೆಯಲ್ಲಿ ಮಾರಾಟಕ್ಕೆ ಮುದ್ರಿಸಿದ ಕಾಗದದ ಪ್ರತಿ ಸಾಕು. ಅಂದರೆ ಜೊತೆಗೆ ಸಾಮಾನ್ಯ ಆವೃತ್ತಿಯೂ ಬರುತ್ತಿದ್ದರೆ ಪ್ರೀಮಿಯಂ ಪ್ರತಿ ಒಂದೇ ಹೋಗುತ್ತದೆ. ಪ್ರೀಮಿಯಂ ಮಾತ್ರ ತರುತ್ತಿದ್ದರೆ ನಾಲ್ಕೂ ಅದೇ.

ಇನ್ನು ಅಂಗಡಿಯಲ್ಲಿ ತೆರೆದಿಡುವ ಪ್ರತಿ. ಶ್ರಿಂಕ್ ವ್ರ್ಯಾಪ್ ಮಾಡಿದ ಎರಡೂವರೆ ಸಾವಿರದ ಪುಸ್ತಕವನ್ನು ಒಳಗೆ ನೋಡದೆ ಯಾರೂ ಕೊಳ್ಳುವುದಿಲ್ಲ ಅಲ್ವಾ? ಹಾಗಾಗಿ ಪ್ರತಿ ಅಂಗಡಿಗೆ ಒಂದು ಬಿಡಿಸಿದ ಪ್ರತಿ ಕೊಡಲೇಬೇಕು. ಆರು ಅಂಗಡಿಗೆ 6. ಗ್ರಂಥಾಲಯಕ್ಕೆ 4. ವಿಮರ್ಶಕರಿಗೆ ಮತ್ತು ಆಟ ನಡೆಸಿ ತೋರಿಸುವವರಿಗೆ 10. ಕಲಾವಿದರು, ಬರಹಗಾರರಿಗೆ 10. ಮೂಲೆ ಜಜ್ಜಿ, ಪುಟ ಅಂಟಿ ಹಾಳಾಗುವ ಲೆಕ್ಕಕ್ಕೆ 20. ಒಟ್ಟು 50 ಹೋಯಿತು. ಮಾರಲು ಉಳಿದದ್ದು 450. ಇನ್ನು ಮುಂದೆ ಎಲ್ಲ ಭಾಗಾಕಾರವೂ 450ರಿಂದ.

ಹಂತ 5: ಅಂಗಡಿಯ ಪಾಲಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಬೆಲೆ ಇಡಿ

ಇಡೀ ಮಾರ್ಗದರ್ಶಿಯಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು. ಕೆಳಗಿನ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಕೊಟೇಶನ್ ನೋಡಿ ನಿಮ್ಮದನ್ನು ಹಾಕಿಕೊಳ್ಳಿ.

ಮುದ್ರಣ, ಬೈಂಡಿಂಗ್, ಪೆಟ್ಟಿಗೆ, ತೆರಿಗೆ ಎಲ್ಲ ಸೇರಿ ಒಂದು ಪ್ರತಿಗೆ 700 ರೂ. ಅಂತ ಇಟ್ಟುಕೊಳ್ಳಿ. 500 ಪ್ರತಿಗೆ 3,50,000. ಚಿತ್ರ, ಸಂಪಾದನೆ, ಲೇಔಟ್, ಆಟ ಪರೀಕ್ಷೆ ಸೇರಿ 1,50,000. ಒಟ್ಟು ಖರ್ಚು 5 ಲಕ್ಷ.

ತಪ್ಪು ದಾರಿ ಹೀಗಿರುತ್ತದೆ. 5 ಲಕ್ಷವನ್ನು 500ರಿಂದ ಭಾಗಿಸಿ 1,000 ಬಂತು. ಅರ್ಧ ಲಾಭ ಸೇರಿಸಿ 1,499 ಅಚ್ಚಾಯಿತು. ಅಂಗಡಿಗೆ ಶೇ. 35 ಕೊಟ್ಟರೆ ಕೈಗೆ ಬರುವುದು 974. ನಿಜವಾದ ಖರ್ಚು 450ರಿಂದ ಭಾಗಿಸಿದರೆ 1,111. ಅಂಗಡಿಗೆ ತಲುಪಿಸುವ ಖರ್ಚು 40. ಒಂದೊಂದು ಪುಸ್ತಕದ ಲೆಕ್ಕದಲ್ಲೂ 177 ರೂ. ಕಡಿಮೆ ಬಿತ್ತು. 450 ಪ್ರತಿ ಪೂರ್ತಿ ಮಾರಿಹೋದರೂ ಹಾಕಿದ ಹಣ ವಾಪಸ್ ಬರುವುದಿಲ್ಲ.

ಸರಿ ದಾರಿ ಇದು. ಖರ್ಚು 1,111, ಸಾಗಣೆ 40, ಮುಂದಿನ ಪುಸ್ತಕಕ್ಕೆ ಬಂಡವಾಳವಾಗಿ ಉಳಿಯಬೇಕಾದದ್ದು 450. ಒಟ್ಟು 1,601. ಅಂಗಡಿಗೆ ಶೇ. 35 ಹೋದ ಮೇಲೆ ನಿಮ್ಮ ಪಾಲು ಶೇ. 65. ಆದ್ದರಿಂದ 1,601 ಭಾಗಿಸು 0.65. ಬರುವುದು 2,463. ಮೇಲಕ್ಕೆ ಸರಿಮಾಡಿ 2,499. ಇದು ನಿಮ್ಮ ಎಂಆರ್‌ಪಿ.

ಈಗ ಅದೇ ಬೆಲೆಯನ್ನು ಬೇರೆ ದಾರಿಗಳಲ್ಲಿ ಪರೀಕ್ಷಿಸಿ. ನೀವೇ ನೇರ ಮಾರಿದರೆ ಪೇಮೆಂಟ್ ಗೇಟ್‌ವೇಗೆ ಸುಮಾರು 50, ಪ್ಯಾಕಿಂಗ್ ಮತ್ತು ಕೊರಿಯರ್‌ಗೆ 150 ಕಳೆದು 2,299 ಸಿಗುತ್ತದೆ. ವಿತರಕರ ಮೂಲಕ ಶೇ. 50ಕ್ಕೆ ಕೊಟ್ಟರೆ ಖರ್ಚೆಲ್ಲ ಕಳೆದು ನೂರು ರೂಪಾಯಿಯೂ ಉಳಿಯುವುದಿಲ್ಲ. 500 ಪ್ರತಿಯ ಪುಸ್ತಕಕ್ಕೆ ವಿತರಕರು ಬೇಡ ಅನ್ನುವುದು ಇದಕ್ಕೇ. ಅಮೆರಿಕದ ಆರ್‌ಪಿಜಿ ಪ್ರಕಾಶಕರು ಮುದ್ರಣದ ಖರ್ಚಿನ ನಾಲ್ಕೈದು ಪಟ್ಟು ಬೆಲೆ ಇಡುವುದು ವಾಡಿಕೆ. ಅಲ್ಲಿ ವಿತರಕರಿಗೂ ಅಂಗಡಿಗೂ ಎರಡೂ ಪಾಲು ಹೋಗಬೇಕು, ಅದಕ್ಕೆ ಅಷ್ಟು. ನಮ್ಮ ಉದಾಹರಣೆಯಲ್ಲಿ ಮೂರೂವರೆ ಪಟ್ಟಿಗೆ ನಿಲ್ಲಿಸಲು ಆಗುವುದು ವಿತರಕರು ಇಲ್ಲದ ಕಾರಣಕ್ಕೆ ಮಾತ್ರ.

ಗಿರಾಕಿ ಈ ಬೆಲೆ ಕೊಡುತ್ತಾರಾ? ಅವರು ಹೋಲಿಸುವುದು ಆಮದು ಪುಸ್ತಕದ ಜೊತೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್ 384 ಪುಟ, ಗಟ್ಟಿ ರಟ್ಟು, ಪೂರ್ತಿ ಬಣ್ಣ. ಅಮೆರಿಕದ ಬೆಲೆ 49.99 ಡಾಲರ್. ರೂಪಾಯಿಗೆ ತಂದರೆ ನಾಲ್ಕು ಸಾವಿರ ದಾಟುತ್ತದೆ. ಆಮದು ಪುಸ್ತಕಗಳ ಮೇಲೆ 2019ರ ಬಜೆಟ್ ಶೇ. 5 ಸುಂಕವನ್ನೂ ಹಾಕಿತು. ಅದರ ಮುಂದೆ ನಿಮ್ಮ 240 ಪುಟಕ್ಕೆ 2,499 ದುಬಾರಿ ಅಲ್ಲ. ಆದರೆ ಕಾಗದ, ಚಿತ್ರ, ಹೊಲಿಗೆ ಅದಕ್ಕೆ ಸರಿಸಮ ಇರಬೇಕು. ಬೈಂಡಿಂಗ್‌ನಲ್ಲಿ ಹಣ ಉಳಿಸಿ ಬೆಲೆ ಮಾತ್ರ ಪ್ರೀಮಿಯಂ ಇಟ್ಟರೆ ಮೊದಲು ಕೊಂಡವರೇ ಉಳಿದವರಿಗೆ ಬೇಡ ಅನ್ನುತ್ತಾರೆ.

ಮುಂಗಡ ಬುಕಿಂಗ್‌ನವರಿಗೆ ಬೆಲೆಯಲ್ಲಿ ರಿಯಾಯಿತಿ ಕೊಡಬೇಡಿ. ನೀವು 1,999ಕ್ಕೆ ಮಾರಿದ್ದು ತಿಳಿದರೆ 2,499ಕ್ಕೆ ಇಟ್ಟ ಅಂಗಡಿಯವರ ಮುಖಕ್ಕೆ ಹೊಡೆದ ಹಾಗೆ. ಬೇಕಿದ್ದರೆ 1, 2, 3 ಹೀಗೆ ಮೊದಲಿನ ಪ್ರತಿ ಸಂಖ್ಯೆಗಳನ್ನು ಕೊಡಿ, ಒಳಪುಟದಲ್ಲಿ ಹೆಸರು ಹಾಕಿ, ಪಿಡಿಎಫ್ ಮೊದಲೇ ಕಳಿಸಿ.

ಹಂತ 6: ತೆರಿಗೆ, ಐಎಸ್‌ಬಿಎನ್, ಲೈಸೆನ್ಸ್

ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಉಚಿತ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಹಣ ಕೇಳುವ ದಲ್ಲಾಳಿಗಳ ಹತ್ತಿರ ಹೋಗಬೇಡಿ. ಪ್ರೀಮಿಯಂಗೆ ಒಂದು ಸಂಖ್ಯೆ, ಸಾಮಾನ್ಯ ಆವೃತ್ತಿಗೆ ಇನ್ನೊಂದು.

ಡೈಸ್ ವಿಷಯದಲ್ಲಿ ಹುಷಾರು. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಡೈಸಿಗೆ ಇದೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿ ಒಂದೇ ಬೆಲೆ ಇಟ್ಟರೆ ಅದು ಮಿಶ್ರ ಸರಬರಾಜು ಆಗುತ್ತದೆ. ಆಗ ಜಾಸ್ತಿ ಇರುವ ತೆರಿಗೆ ದರ ಇಡೀ ಪೆಟ್ಟಿಗೆಗೆ ಬೀಳುತ್ತದೆ. ಚೆಂದದ ಏಳು ಡೈಸ್ ಸೇರಿಸಲು ಹೋಗಿ 2,499ರ ಪೂರ್ತಿಗೆ ತೆರಿಗೆ ಕಟ್ಟುವುದು ಬೇಡ. ಡೈಸ್ ಬೇರೆ, ಬಿಲ್ ಬೇರೆ. ಪಿಡಿಎಫ್‌ಗೂ ಮುದ್ರಿತ ಪುಸ್ತಕದ ಹಾಗೆ ಪೂರ್ತಿ ವಿನಾಯಿತಿ ಇಲ್ಲ. ನಿಮ್ಮ ಪಟ್ಟಿಯಲ್ಲಿ ಪುಸ್ತಕ ಬಿಟ್ಟು ಬೇರೆ ಏನೇ ಇದ್ದರೂ ಒಮ್ಮೆ ಆಡಿಟರ್ ಹತ್ತಿರ ಕೇಳಿ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ ನಿಯಮ ಬಳಸುತ್ತಿದ್ದರೆ, ಆ ಮೂಲ ನಿಯಮಗಳ ದಾಖಲೆಯಾದ ಎಸ್‌ಆರ್‌ಡಿ 5.1 ಅನ್ನು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಸಿಸಿ ಬೈ 4.0 ಲೈಸೆನ್ಸಿನಲ್ಲಿ ಬಳಸಬಹುದು. ಹಣಕ್ಕೆ ಮಾರಲೂ ಅಡ್ಡಿಯಿಲ್ಲ. ಅದರಲ್ಲಿ ಕೊಟ್ಟ ಸೌಜನ್ಯದ ಸಾಲನ್ನು ಹಾಕಲೇಬೇಕು. ಆದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಹೆಸರು, ಲೋಗೋ ಮುಖಪುಟಕ್ಕೆ ಬರುವ ಹಾಗಿಲ್ಲ.

ಹಂತ 7: ಪ್ರತಿಗಳನ್ನು ಹಂಚಿ, ಆಮೇಲೆ ಮುದ್ರಣಕ್ಕೆ ಕೊಡಿ

450 ಪ್ರತಿಗೆ ಒಂದು ಹಂಚಿಕೆ ಹೀಗಿರಬಹುದು: ಮುಂಗಡ ಬುಕಿಂಗ್ 200, ಅಂಗಡಿಗಳಿಗೆ 180, ಕಾಲೇಜು ಹಬ್ಬ ಮತ್ತು ಪುಸ್ತಕ ಮೇಳದ ಮೇಜಿಗೆ 50, ಕೊನೆಯ 20 ಬದಲಿ ಕೊಡಲು, ಅದರಲ್ಲಿ ಬಳಕೆಯಾಗದೆ ಉಳಿದದ್ದು ಕೊನೆಗೆ ಮಾರಲು. ಹಾಳಾಗುವ ಲೆಕ್ಕಕ್ಕೆ ಹಿಂದೆ ಬಿಟ್ಟ 20 ಬೇರೆ, ಇದು ಬೇರೆ. ಅದು ನಿಮ್ಮ ಕೈಯಲ್ಲಿ ಹಾಳಾಗುವುದು, ಇದು ಗಿರಾಕಿಯ ಮನೆ ಬಾಗಿಲಲ್ಲಿ.

ಮುಂಗಡ ಬುಕಿಂಗ್ ಹಣದಿಂದಲೇ ಪ್ರೆಸ್ಸಿನ ಬಿಲ್ ತೀರಬೇಕು. ನಮ್ಮ ಲೆಕ್ಕದಲ್ಲಿ 3,50,000 ಭಾಗಿಸು 2,299, ಅಂದರೆ 153 ಪ್ರತಿ. ಹಣ ಸಮೇತ 153 ಬುಕಿಂಗ್ ಬರುವವರೆಗೆ ಪ್ರೆಸ್ಸಿಗೆ ಆರ್ಡರ್ ಕೊಡಬೇಡಿ. "ನನಗೊಂದು ಇಡಿ" ಅಂದವರ ಪಟ್ಟಿ ಬುಕಿಂಗ್ ಅಲ್ಲ. ಬುಕಿಂಗ್ ಹಣವನ್ನು ಬೇರೆ ಬ್ಯಾಂಕ್ ಖಾತೆಯಲ್ಲಿಡಿ. ಸಂಖ್ಯೆ ತಲುಪದಿದ್ದರೆ ವಾಪಸ್ ಕೊಡಬೇಕಾದ ಹಣ ಅದು. ಅದರಿಂದ ಕಲಾವಿದರ ಬಾಕಿ ತೀರಿಸಲು ಹೋದರೆ ಸಿಕ್ಕಿಹಾಕಿಕೊಳ್ಳುತ್ತೀರಿ.

ಎಚ್ಚರಿಕೆಯ ಲಕ್ಷಣ: ಮೊದಲ ವಾರ ಬಂದ ಬುಕಿಂಗ್‌ಗಳೆಲ್ಲ ಗುರುತಿನವರದ್ದೇ ಆಗಿ, ಎರಡನೇ ವಾರ ಪೂರ್ತಿ ನಿಂತುಹೋದರೆ ಪ್ರತಿಗಳ ಸಂಖ್ಯೆ ಇಳಿಸಿ. ಸಂಖ್ಯೆ ಇಳಿದರೆ ಒಂದು ಪ್ರತಿಯ ಖರ್ಚು ಏರುತ್ತದೆ. ಆಗ ಹಂತ 5ರ ಲೆಕ್ಕ ಮತ್ತೆ ಹಾಕಬೇಕು. ಹಳೆಯ ಬೆಲೆಯನ್ನೇ ಹಿಡಿದುಕೊಂಡು ಕೂರಬೇಡಿ.

ಹಂತ 8: ಅಂಗಡಿಯ ಜೊತೆ ಬರಹದಲ್ಲಿ ಒಪ್ಪಂದ

ಊರಿನ ಪರಿಚಯದವರು, ಬಾಯಿಮಾತು ಸಾಕು ಅನ್ನಿಸುತ್ತದೆ. ಸಾಕಾಗುವುದಿಲ್ಲ. ಒಂದೇ ಪುಟ ಇರಲಿ, ಎರಡೂ ಕಡೆಯ ಸಹಿ ಇರಲಿ. ಅದರಲ್ಲಿ ಕಮಿಷನ್, ಹಣ ಕೊಡುವ ದಿನ, ಬಿಡಿಸಿದ ಪ್ರತಿ ಯಾರದ್ದು, ಹಾಳಾದರೆ ಯಾರ ಖರ್ಚು, ಎಂಆರ್‌ಪಿಗಿಂತ ಕಡಿಮೆಗೆ ಮಾರಬಹುದೇ, ಆನ್‌ಲೈನಿನಲ್ಲಿ ಹಾಕಬಹುದೇ, ಇಷ್ಟು ಬರೆಯಿರಿ. ಎಂಆರ್‌ಪಿಗಿಂತ ಜಾಸ್ತಿಗೆ ಮಾರುವ ಹಾಗಿಲ್ಲ ಅನ್ನುವುದೂ ಇರಲಿ. ಸೀಮಿತ ಪ್ರತಿ ಅಂದ ಕೂಡಲೇ ಈ ಆಸೆ ಹುಟ್ಟುತ್ತದೆ.

ಸಾಧ್ಯವಾದರೆ ನಗದು ಮಾರಾಟ ಮಾಡಿ. ನಗದು ಕೊಡುವವರಿಗೆ ಶೇ. 35, ಮಾರಿದ ಮೇಲೆ ಕೊಡುವವರಿಗೆ ಶೇ. 25 ಅಂತ ಎರಡು ದರ ಇಟ್ಟರೆ ಹೆಚ್ಚಿನವರು ತಾವಾಗಿಯೇ ನಗದಿಗೆ ಬರುತ್ತಾರೆ. ಸಾಲದ ಮೇಲೆ ಕೊಡುವುದಾದರೆ ಡೆಲಿವರಿ ಚಲನ್ ಬರೆಯಿರಿ. "ಮಾರಾಟವಾಗುವವರೆಗೆ ಪುಸ್ತಕ ಪ್ರಕಾಶಕರ ಸ್ವತ್ತು" ಅಂತ ಅದರ ಮೇಲೆ ಮುದ್ರಿಸಿ, ಪ್ರತಿ ಸಂಖ್ಯೆಗಳನ್ನೂ ನಮೂದಿಸಿ. ಇದು ಅತಿ ಅನ್ನಿಸಿದರೆ ಅಮೆರಿಕದ್ದನ್ನು ನೋಡಿ. 2025ರ ಜನವರಿಯಲ್ಲಿ ಡೈಮಂಡ್ ಕಾಮಿಕ್ ಡಿಸ್ಟ್ರಿಬ್ಯೂಟರ್ಸ್ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಟೇಬಲ್‌ಟಾಪ್ ಆಟಗಳ ದೊಡ್ಡ ವಿತರಕ ಅಲಯನ್ಸ್ ಆಗ ಅದರದ್ದೇ ಭಾಗ. ಪ್ರಕಾಶಕರು ನಂಬಿ ಗೋದಾಮಿನಲ್ಲಿ ಇಟ್ಟಿದ್ದ, ಇನ್ನೂ ಮಾರಾಟವಾಗದ ಸರಕನ್ನೇ ಮಾರಿ ಸಾಲ ತೀರಿಸುವ ಪ್ರಸ್ತಾಪ ಬಂತು. ತಮ್ಮದೇ ಪುಸ್ತಕ ತಮ್ಮದು ಅಂತ ಪ್ರಕಾಶಕರು ಕೋರ್ಟಿನಲ್ಲಿ ವಾದಿಸಬೇಕಾಯಿತು. ಅಷ್ಟು ದೊಡ್ಡ ವ್ಯಾಪಾರದಲ್ಲೇ ಹೀಗಾದರೆ ಹತ್ತು ಪ್ರತಿ ಬಾಯಿಮಾತಿನಲ್ಲಿ ಕೊಟ್ಟವರ ಗತಿ ಏನು?

ಆರು ಅಂಗಡಿಗೆ 30ರಂತೆ ಪಾಲು ಬಂದರೂ ಮೊದಲ ಸಲ ಹತ್ತೇ ಕೊಡಿ. ಉಳಿದ 20 ಅವರ ಹೆಸರಿನಲ್ಲಿ ನಿಮ್ಮ ಹತ್ತಿರ ಇರಲಿ. ಮೊದಲ ಹತ್ತರ ಹಣ ಬಂದ ದಿನ ಮುಂದಿನ ಹತ್ತು. ಎರಡು ತಿಂಗಳಲ್ಲಿ ನಾಲ್ಕೂ ಹೋಗದ ಅಂಗಡಿಯ ಪಾಲನ್ನು ಓಡುತ್ತಿರುವ ಅಂಗಡಿಗೆ ಕೊಡಿ. ಈ ನಿಯಮವೂ ಒಪ್ಪಂದದಲ್ಲಿ ಮೊದಲೇ ಇದ್ದರೆ ಬೇಜಾರಿಗೆ ಜಾಗ ಇರುವುದಿಲ್ಲ.

ಹಂತ 9: ತೆಗೆದುಕೊಳ್ಳುವಾಗ ಪರೀಕ್ಷೆ, ಮಳೆ, ಸಾಗಣೆ

ಪ್ರೆಸ್ಸಿನಿಂದ ಪುಸ್ತಕ ಬಂದ ದಿನ ಪೂರ್ತಿ ಹಣ ಕೊಡಬೇಡಿ. ಬೇರೆ ಬೇರೆ ಪೆಟ್ಟಿಗೆಯಿಂದ ಹತ್ತು ಪ್ರತಿ ತೆಗೆಯಿರಿ. ನಡುಪುಟ ಬಿಡಿಸಿ ಮೇಜಿನ ಮೇಲಿಡಿ. ಆಟದ ನಡುವೆ ಜಿಎಂ (ಕಥೆ ನಡೆಸುವವರು) ಪುಸ್ತಕವನ್ನು ಹೀಗೇ ಬಿಡಿಸಿಡುತ್ತಾರೆ, ಕೈ ಬಿಟ್ಟರೆ ಮುಚ್ಚಿಕೊಳ್ಳಬಾರದು. ಫಾರಂನ ಮಧ್ಯದಲ್ಲಿ ಹೊಲಿಗೆಯ ದಾರ ಕಾಣಬೇಕು. ಕಾಣದಿದ್ದರೆ ಅದು ಬರೀ ಅಂಟು. ಒಂದು ಪುಟವನ್ನು ಉದ್ದಕ್ಕೆ, ಅಡ್ಡಕ್ಕೆ ಮೆಲ್ಲಗೆ ಬಗ್ಗಿಸಿ ನೋಡಿ. ಬೆನ್ನಿಗೆ ಸಮಾನಾಂತರವಾಗಿ ಸುಲಭವಾಗಿ ಬಗ್ಗಿದರೆ ಕಾಗದದ ನಾರು ಸರಿ ದಿಕ್ಕಿನಲ್ಲಿದೆ. ಉಲ್ಟಾ ಇದ್ದರೆ ನಮ್ಮ ಊರಿನ ತೇವಕ್ಕೆ ಪುಟಗಳು ಅಲೆ ಅಲೆಯಾಗಿ ನಿಲ್ಲುತ್ತವೆ. ಐದು ಪ್ರತಿಯನ್ನು ಎಸಿ ಇಲ್ಲದ ಕೋಣೆಯಲ್ಲಿ ಒಂದು ವಾರ ನಿಲ್ಲಿಸಿಡಿ. ರಟ್ಟು ಹೊರಕ್ಕೆ ಬಿಲ್ಲಿನಂತೆ ಬಾಗಿದರೆ ಪ್ರೆಸ್ಸಿನವರನ್ನು ಕರೆದು ತೋರಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರೀಮಿಯಂ ಪುಸ್ತಕ ಬಿಡುಗಡೆ ಬೇಡ. ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ಗಾಳಿ ಒಣಗಿರುತ್ತದೆ, ಕಾಲೇಜು ನಡೆಯುತ್ತಿರುತ್ತದೆ. ದಾಸ್ತಾನು ನೆಲದಿಂದ ಎತ್ತರದಲ್ಲಿ, ಗೋಡೆಯಿಂದ ಒಂದು ಗೇಣು ದೂರ ಇರಲಿ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಹಾಕಿ. ತೇವಾಂಶದ ಮೀಟರ್ ಶೇ. 65 ದಾಟಿ ನಿಂತರೆ ಜಾಗ ಬದಲಿಸಿ.

ಎ4 ಅಳತೆಯ 240 ಪುಟ, 130 ಜಿಎಸ್‌ಎಂ ಕಾಗದ, ರಟ್ಟು, ಪೆಟ್ಟಿಗೆ ಸೇರಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಒಂದು ಕಾರ್ಟನ್‌ಗೆ 8 ಪ್ರತಿ ಸಾಕು. ಜಾಸ್ತಿ ಹಾಕಿದರೆ ಎತ್ತುವವರು ಕೆಳಗೆ ಹಾಕುತ್ತಾರೆ, ಮೂಲೆ ಹೋಗುತ್ತದೆ. ಮಂಗಳೂರು ಉಡುಪಿ ನಡುವಿನ ಸುಮಾರು 60 ಕಿಲೋಮೀಟರಿಗೆ ಕೊರಿಯರ್ ಬೇಡ. ಬಸ್ಸಿನಲ್ಲಿ ಪಾರ್ಸೆಲ್ ಹಾಕುವುದೂ ಬೇಡ, ಮೇಲೆ ಯಾರ ಮೂಟೆ ಬೀಳುತ್ತದೋ ಗೊತ್ತಿಲ್ಲ. ನೀವೇ ತೆಗೆದುಕೊಂಡು ಹೋಗಿ ಅಂಗಡಿಯವರ ಎದುರಿಗೆ ಎಣಿಸಿ ಕೊಡಿ. ದೂರದವರಿಗೆ ಅಂಚೆಯಲ್ಲಿ ಕಳಿಸುವಾಗ, 2025ರ ಮೇ 1ರಂದು ಶುರುವಾದ ಜ್ಞಾನ ಪೋಸ್ಟ್ ಅಗ್ಗ. ಆದರೆ ಅದು ಶೈಕ್ಷಣಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಇರುವ ಸೇವೆ. ನಿಮ್ಮ ಆಟದ ಪುಸ್ತಕವನ್ನು ಒಪ್ಪುತ್ತಾರಾ ಅಂತ ಕೌಂಟರ್‌ನಲ್ಲಿ ಕೇಳಿ ತಿಳಿದುಕೊಂಡ ಮೇಲೆಯೇ ಅದರ ದರವನ್ನು ಲೆಕ್ಕಕ್ಕೆ ಸೇರಿಸಿ.

ಹಂತ 10: ಮಾರಾಟದ ದಿನಗಳಲ್ಲಿ

ಅಂಗಡಿಗೆ ಪುಸ್ತಕ ಬಂದ ಮೊದಲ ಮೂರು ತಿಂಗಳು ನಿಮ್ಮ ಆನ್‌ಲೈನ್ ಮಾರಾಟ ಮುಚ್ಚಿಡಿ. ಕೇಳಿದವರಿಗೆ ಅಂಗಡಿಯ ಹೆಸರು ಹೇಳಿ. ಇದು ಕಷ್ಟ, ಯಾಕೆಂದರೆ ನೇರ ಮಾರಿದರೆ ಏಳುನೂರು ರೂಪಾಯಿ ಜಾಸ್ತಿ ಸಿಗುತ್ತದೆ. ಆದರೂ ಮಾಡಿ. ಅಂಗಡಿಯವರು ಮುಂದಿನ ಪುಸ್ತಕಕ್ಕೆ ನಗದು ಕೊಡುವುದು ಇದನ್ನು ನೋಡಿಯೇ.

ಪ್ರತಿ ಅಂಗಡಿಯಲ್ಲಿ ಒಂದು ಶನಿವಾರ ಸಂಜೆ ಎರಡು ಗಂಟೆಯ ಆಟ ಇಟ್ಟುಕೊಳ್ಳಿ. ನಾಲ್ಕು ಕುರ್ಚಿ, ಒಂದು ಮೇಜು, ಮೊದಲೇ ತುಂಬಿಸಿದ ಪಾತ್ರದ ಹಾಳೆಗಳು ಸಾಕು. ಬಿಡಿಸಿದ ಪ್ರತಿ ಮೇಜಿನ ಮೇಲೆ ಕೈಯಿಂದ ಕೈಗೆ ಹೋಗಲಿ. ಈ ಪುಸ್ತಕ ಕಪಾಟಿನಲ್ಲಿ ನಿಂತು ತಾನಾಗಿ ಮಾರಾಟವಾಗುವ ಜಾತಿಯದ್ದಲ್ಲ.

ತಿಂಗಳಿಗೊಮ್ಮೆ ಹೋಗಿ ಎಣಿಸಿ. ಬಿಡಿಸಿದ ಪ್ರತಿ ಕಪಾಟಿನ ಹಿಂದೆ ಸೇರಿದ್ದರೆ, ಲೆಕ್ಕ ಕೇಳಿದಾಗ "ಹುಡುಗನಿಗೆ ಗೊತ್ತು, ಅವ ಇವತ್ತು ಇಲ್ಲ" ಅಂತ ಎರಡು ಸಲ ಬಂದರೆ, ಉಳಿದ ಪ್ರತಿ ವಾಪಸ್ ತನ್ನಿ.

ಹಂತ 11: ಖಾಲಿ ಆದ ಮೇಲೆ

ಸಂಖ್ಯೆ ಹಾಕಿದ ಆವೃತ್ತಿಯನ್ನು ಮತ್ತೆ ಮುದ್ರಿಸಬೇಡಿ, ಎಷ್ಟೇ ಜನ ಕೇಳಿದರೂ. 500 ಅಂತ ಅಚ್ಚು ಹಾಕಿ 2,499 ತೆಗೆದುಕೊಂಡಿದ್ದೀರಿ. ಕೇಳುವವರಿಗೆ ಸಾಮಾನ್ಯ ಆವೃತ್ತಿ ಕೊಡಿ. ಅದರ ಲೆಕ್ಕವನ್ನು ಹಂತ 3ರಿಂದ ಹೊಸದಾಗಿ ಹಾಕಿ. ಚಿತ್ರ, ಲೇಔಟ್‌ನ ಖರ್ಚು ಈಗಾಗಲೇ ತೀರಿರುವುದರಿಂದ ಬೆಲೆಯನ್ನು ವಿದ್ಯಾರ್ಥಿಗಳ ಕೈಗೆಟುಕುವ ಹಾಗೆ ಇಡಬಹುದು. ಪ್ರೀಮಿಯಂ ಮಾರಿದ ಅಂಗಡಿಗಳಿಗೇ ಮೊದಲು ಕೇಳಿ.

ಬದಲಿಗೆ ಇಟ್ಟ 20 ಪ್ರತಿಯಲ್ಲಿ ಉಳಿದದ್ದನ್ನು ಒಂದು ವರ್ಷ ಮುಟ್ಟಬೇಡಿ. ಹೊಲಿಗೆ ಬಿಟ್ಟಿತು, ಪುಟ ತಪ್ಪಿದೆ ಅನ್ನುವ ದೂರುಗಳು ಪುಸ್ತಕ ಆಟದಲ್ಲಿ ಚೆನ್ನಾಗಿ ಬಳಕೆಯಾದ ಮೇಲೆ, ಹೆಚ್ಚಾಗಿ ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಬರುತ್ತವೆ. ದೂರು ಬಂದರೆ ಫೋಟೋ ತರಿಸಿ, ಹಳೆಯ ಪ್ರತಿ ವಾಪಸ್ ಪಡೆದು, ಅದೇ ಸಂಖ್ಯೆಯನ್ನು ಹೊಸ ಪ್ರತಿಯ ಮೇಲೆ ಬರೆದು ಕೊಡಿ. ಆ ಕಾರಣಕ್ಕೆ ಬದಲಿ ಪ್ರತಿಗಳ ಮೇಲೆ ಸಂಖ್ಯೆಯನ್ನು ಮೊದಲೇ ಬರೆಯಬಾರದು, ಜಾಗ ಖಾಲಿ ಬಿಟ್ಟಿರಬೇಕು.